ಮಾರ್ಸಲಿಯ ಕಂಬಳಿ ಬಡಿದ ದಿನ

ಬ್ರೇವಿಗ್, ಬಾರಾ ದ್ವೀಪ
ಮಂಗಳವಾರ, ೨೧ ಆಗಸ್ಟ್ ೧೯೩೪

ಮುದ್ದು ಮಾರ್ಸಲಿ,

ಹೇಗಿದ್ದೀಯ? ಕೈ ಹೇಗಿದೆ? ಹೋದ ಕಾಗದದಲ್ಲೂ ಇದನ್ನೇ ಕೇಳಿದ್ದೆ, ಅದಕ್ಕೆ ನೀನು ಲೆರ್ವಿಕ್ ಊರಿನ ಮಳೆಗಾಳಿಯ ಸಮಾಚಾರ ಬರೆದೆ. ಹೆರಿಂಗ್ ಮೀನು ಸೀಳುವ ಹುಡುಗಿಯ ಅಜ್ಜಿಗೆ ಮಳೆಗಾಳಿ ಕಟ್ಟಿಕೊಂಡು ಏನಾಗಬೇಕು, ಬೆರಳಿನ ವಿಚಾರ ಬೇಕು. ಬೆಳಿಗ್ಗೆ ಕತ್ತಿ ಹಿಡಿಯುವ ಮೊದಲು ಬೆರಳಿಗೆಲ್ಲ ಹಳೆ ಬಟ್ಟೆಯ ಚೂರು ಸುತ್ತಿ, ದಾರವನ್ನು ಹಲ್ಲಿನಲ್ಲಿ ಎಳೆದು ಬಿಗಿಯಾಗಿ ಕಟ್ಟಿಕೋ. ಶೋನಾಗ್ ಮಾಡಿಕೊಂಡ ಹಾಗೆ ಮಾಡಿಕೊಳ್ಳಬೇಡ. ನಿನ್ನ ಜೊತೆಯವಳು ಎಂದು ನಾನು ಅವಳನ್ನು ಹೊಗಳುತ್ತಿದ್ದೆ. ಗಾಯಕ್ಕೆ ಉಪ್ಪು ಹೋಗಿ, ಹೆಬ್ಬೆರಳು ಗೆಡ್ಡೆಯಷ್ಟು ದಪ್ಪ ಮಾಡಿಕೊಂಡು ಊರಿಗೆ ಬಂದು ದೋಣಿ ಇಳಿದಳು. ನರ್ಸಮ್ಮ ಕೊಯ್ದು ಕೀವು ತೆಗೆದರು. ಈಗ ಪರವಾಗಿಲ್ಲ, ಹೊಟ್ಟೆ ಅಂತೂ ಚೆನ್ನಾಗಿದೆ. ದಿನಾ ನಮ್ಮ ಮನೆಗೆ ಬಂದು ಓಟ್ಸ್ ರೊಟ್ಟಿ ಮತ್ತು ಗಿಣ್ಣು ಮುಗಿಸಿ, "ಅಜ್ಜಿ, ಕೈ ನೋವು, ಪಾತ್ರೆ ತೊಳೆಯೋಕೆ ಆಗಲ್ಲ" ಎಂದು ಹೋಗುತ್ತಾಳೆ.

ನನ್ನ ಆರೋಗ್ಯ ಕೇಳಿದ್ದೀಯ. ಮಂಡಿ ಮಾತ್ರ ಇನ್ನೊಬ್ಬರದು, ಉಳಿದದ್ದೆಲ್ಲ ನನ್ನದೇ. ನಿನ್ನ ಅಣ್ಣ ನೀಲ್ ನಳ್ಳಿ ಹಿಡಿಯಲು ಹೋಗುತ್ತಿದ್ದಾನೆ. ನಿನ್ನ ಅತ್ತಿಗೆ ಈನಾ ಮನೆಯನ್ನು ಚೊಕ್ಕಟ ಮಾಡುತ್ತಿದ್ದಾಳೆ. ಆ ಚೊಕ್ಕಟದ ಕಥೆ ಮುಂದೆ ಬರುತ್ತದೆ, ತಡೆದುಕೋ. ಕಪ್ಪು ಹಸು ಕರು ಹಾಕಿತು, ಹೆಣ್ಣು ಕರು, ನೋಡಲು ನಿನ್ನ ತಾತನ ಹಾಗೆಯೇ ಇದೆ, ಅದೇ ಕೋಪ. ಆಲೂಗಡ್ಡೆ ಈ ವರ್ಷ ಒಳ್ಳೆಯದು. ಬೆಂದರೆ ಹಿಟ್ಟಾಗಿ ಬಿಚ್ಚಿಕೊಳ್ಳುತ್ತದೆ, ಉಪ್ಪುಮೀನಿನ ಜೊತೆ ತಿಂದರೆ ಮಾತೇ ಹೊರಡುವುದಿಲ್ಲ. ನನಗೇ ಹೊರಡುವುದಿಲ್ಲ ಅಂದರೆ ಲೆಕ್ಕ ಹಾಕಿಕೋ.

ಈಗ ನಿನ್ನ ಕಾಗದದ ವಿಚಾರಕ್ಕೆ ಬರುತ್ತೇನೆ. ನಾನು ಓದುವುದು ಹೇಗೆಂದು ನಿನಗೆ ಗೊತ್ತು. ಪ್ರಾರ್ಥನೆ ಪುಸ್ತಕದಲ್ಲಿ ಕಲಿತ ಅಕ್ಷರ, ಒಂದೊಂದನ್ನೂ ಬೆರಳಿನಿಂದ ತಳ್ಳಿಕೊಂಡು ಹೋಗಬೇಕು. ಮೊದಲ ಪುಟದಲ್ಲಿ ಮೀನು, ಎರಡನೆಯದರಲ್ಲಿ ಮೀನು, ಮೂರನೆಯದರಲ್ಲಿ ಗುಡಿಸಲಿನ ಸೂರು ಸೋರುವುದು, ಕೊನೆಗೆ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ, "ಅಜ್ಜಿ, ಐವಿಂಡ್ ಅಂತ ಒಬ್ಬರಿದ್ದಾರೆ, ನಾರ್ವೆಯವರು, ಮದುವೆ ಆಗ್ತೀಯ ಅಂತ ಕೇಳಿದ್ದಾರೆ. ನೀನು ಹೂಂ ಅಂದ್ರೆ ಮಾತ್ರ ನಾನು ಹೂಂ ಅಂತೀನಿ. ಈ ತಿಂಗಳ ಕೊನೆಗೆ ಅವರ ದೋಣಿ ಹೊರಟುಬಿಡುತ್ತೆ." ಅಷ್ಟು ದೊಡ್ಡ ಗಂಡಸನ್ನು ಅಷ್ಟು ಚಿಕ್ಕ ಅಕ್ಷರದಲ್ಲಿ ಬಚ್ಚಿಟ್ಟರೆ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುತ್ತಾನೆ ಎಂದುಕೊಂಡೆಯಾ? ಓದಿದೆ. ಮಡಿಸಿ ಹಾಸಿಗೆಯ ಕೆಳಗೆ ಇಟ್ಟೆ. ಯಾರಿಗೂ ಹೇಳಲಿಲ್ಲ. ರಾಟೆಯ ಮುಂದೆ ಕುಳಿತು ಎಷ್ಟು ಸಿಟ್ಟಿನಿಂದ ನೂತೆ ಎಂದರೆ, ಆ ನೂಲಿನಲ್ಲಿ ದೋಣಿ ಕಟ್ಟಿಹಾಕಬಹುದಿತ್ತು.

ಯಾಕೆ ಸಿಟ್ಟು ಎಂದು ಕೇಳಬೇಡ. ಕೂಸಾಗಿದ್ದಾಗಿನಿಂದ ನಿನ್ನನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಕಲಿಸಿದವಳು ನಾನು. ಕಂಬಳಿ ಬಡಿಯುವ ಹಲಗೆಯ ಬಾಗಿಲ ಕಡೆಯ ತುದಿ ನನ್ನದು, ನನ್ನ ನಂತರ ಅದು ನಿನ್ನದು ಎಂದು ಊರಿಗೆಲ್ಲ ಗೊತ್ತು. ಆ ಜಾಗದಲ್ಲಿ ಕೂರಬೇಕಾದವಳು ಸಮುದ್ರದ ಆಚೆ, ನಮ್ಮ ಮಾತು ಬಾರದ ಜನರ ನಡುವೆ, ಅವರ ಒಣಮೀನು ತಿಂದುಕೊಂಡು ಇರುತ್ತಾಳೆ ಎಂದರೆ ನನಗೆ ಹೇಗಾಗಬೇಡ? ನಮ್ಮೂರಿನಲ್ಲಿ ಗಂಡಸರಿಗೆ ಬರವಾ? ಫಿನ್ಲೇ ಇಲ್ಲವೇ? ದೋಣಿ ಕಟ್ಟುತ್ತಾನೆ, ಒಂದು ಹಸು ಇದೆ, ತಾಯಿಗೆ ಕಿವಿ ಕೇಳಿಸುವುದಿಲ್ಲ. ಸೊಸೆಗೆ ಅದಕ್ಕಿಂತ ಸುಖ ಬೇರೆ ಯಾವುದು?

ಅದಕ್ಕೇ ನಾನೊಂದು ಉಪಾಯ ಮಾಡಿದೆ. ನಿನ್ನ ಕಂಬಳಿ ಮಗ್ಗದಿಂದ ಇಳಿದಿತ್ತಲ್ಲ, ನಿನ್ನ ಹೆಸರಿನಲ್ಲೇ ನೇಯಿಸಿದ್ದು, ನೀಲಿ ಮತ್ತು ಕಲ್ಲುಹೂವಿನ ಕಂದು ಬಣ್ಣದ್ದು, ಅದನ್ನು ಬಡಿದು ಬಿಗಿ ಮಾಡಲು ಶುಕ್ರವಾರ ಹೆಂಗಸರನ್ನು ಕರೆದೆ. ಬಡಿದು ಮುಗಿದ ಮೇಲೆ ಚಪ್ಪಾಳೆ ಹಾಡು ಇದ್ದೇ ಇರುತ್ತದೆ. ಮುಂದಾಳು ಒಂದೊಂದು ಹುಡುಗಿಯ ಹೆಸರಿಗೂ ಒಬ್ಬ ಗಂಡಸಿನ ಹೆಸರು ಕಟ್ಟುತ್ತಾಳೆ, ಹುಡುಗಿ ಬೇಡ ಎಂದರೆ ಬೈದು ಎಸೆಯಬೇಕು, ಬೇಕು ಎಂದರೆ ಹಾಡಿನಲ್ಲೇ ಒಪ್ಪಬೇಕು. ಕಂಬಳಿಯ ಒಡತಿ ಊರಲ್ಲಿ ಇಲ್ಲದಿದ್ದರೆ ಅವಳ ಪರವಾಗಿ ಮನೆಯ ಹಿರಿಯಳು ಉತ್ತರ ಕೊಡುತ್ತಾಳೆ. ಆ ಉತ್ತರವನ್ನು ಹೆಂಗಸರೆಲ್ಲ ಪಲ್ಲವಿಯಾಗಿ ಎತ್ತಿಕೊಂಡರೆ ಮುಗಿಯಿತು, ಪಾದ್ರಿಗಳ ಮುಂದೆ ಆಡಿದ ಮಾತಿಗಿಂತ ಹೆಚ್ಚು. ನನ್ನ ಲೆಕ್ಕ ಇಷ್ಟೇ: ನಮ್ಮ ಮುಂದಾಳು ಬೇಹಾಗ್ ನಿನ್ನ ಹೆಸರಿಗೆ ಫಿನ್ಲೇಯನ್ನು ಕಟ್ಟುವುದು, ನಾನು ಒಪ್ಪುವುದು, ಲೆರ್ವಿಕ್‌ಗೆ ಸುದ್ದಿ ಬರೆಯುವುದು.

ಬೇಹಾಗ್ ಮುದುಕಿಗೆ ಮೊದಲೇ ಹೋಗಿ ಹೇಳಿದೆ. ಅವಳು ನಶ್ಯ ಏರಿಸಿಕೊಂಡು, "ಫಿನ್ಲೇನಾ? ಅವನು ಕಟ್ಟಿದ ದೋಣೀನೂ ಸೋರುತ್ತೆ, ಅವನ ಮೂಗೂ ಸೋರುತ್ತೆ. ಹುಡುಗೀನ ಕೇಳಿದ್ಯೇನೇ ರಾನಾಟ್?" ಎಂದಳು. "ನಿನ್ನ ಕೆಲಸ ಹಾಡೋದು, ಕೇಳೋದಲ್ಲ" ಎಂದು ಬಂದೆ.

ಶುಕ್ರವಾರ ಬಿಸಿಲಿತ್ತು. ಕೊಟ್ಟಿಗೆಯನ್ನು ಗುಡಿಸಿ, ಹಲಗೆ ಹಾಸಿ, ಹೆಂಗಸರೆಲ್ಲ ಅಂಗಿಯ ತೋಳು ಮಡಿಸಿಕೊಂಡು ಎದುರುಬದುರಾಗಿ ಕುಳಿತೆವು. ಶೋನಾಗ್ ಮಾತ್ರ ಗಾಯದ ಬೆರಳು ಎತ್ತಿಕೊಂಡು ಮೂಲೆಯಲ್ಲಿ ಉಣ್ಣೆಮೂಟೆಯ ಮೇಲೆ ರಾಣಿಯ ಹಾಗೆ ಕುಳಿತಳು. ತೊಟ್ಟಿಯಲ್ಲಿ ನೆನೆಸಿದ ಬಟ್ಟೆಯನ್ನು ತೆಗೆದು ಹಲಗೆಯ ಮೇಲೆ ಹಾಕಿದೆವು, ಸೂರ್ಯ ತಿರುಗುವ ದಿಕ್ಕಿಗೆ ಕೈಯಿಂದ ಕೈಗೆ ದಾಟಿಸುತ್ತ ಬಡಿಯಲು ತೊಡಗಿದೆವು. ಬೇಹಾಗ್ ಮೊದಲು ನಿಧಾನದ ಹಾಡು ತೆಗೆದಳು. ಆಮೇಲೆ ತೋಳು ಬಿಸಿಯಾದ ಹಾಗೆ ಒಂದೊಂದೇ ಚುರುಕಿನವು. ಮುಳುಗಿದ ದೋಣಿಯವು, ಹಿಂದಿರುಗದ ಅಣ್ಣಂದಿರವು, ಕಡಲನಾಯಿಯ ಚರ್ಮ ಕಳಚಿಟ್ಟು ಹೆಣ್ಣಾದವಳದು. ಆ ಕಡಲ ಹೆಣ್ಣಿನ ಹಾಡು ಬಂದಾಗಲೆಲ್ಲ ನನಗೆ ಅವಳ ಮೇಲೆ ಕೋಪ. ಕಡಲಿಗೆ ಹಿಂದಿರುಗದ ಹಾಗೆ ಚರ್ಮ ಕದ್ದು ಬಚ್ಚಿಟ್ಟವನಿಗೇ ಅಷ್ಟು ವರ್ಷ ರೊಟ್ಟಿ ಸುಟ್ಟು ಬಡಿಸಿದಳಲ್ಲ, ಮೊದಲ ದಿನವೇ ಅಟ್ಟ ಹುಡುಕಬಾರದಿತ್ತೇ? ಗಂಡಸರು ಏನು ಬಚ್ಚಿಟ್ಟರೂ ಅಟ್ಟದಲ್ಲೇ.

ಹಾಡು ಮುಗಿಯಿತು, ಬೇಹಾಗ್ ನಡುಬೆರಳು ಇಟ್ಟು ಅಗಲ ಅಳೆದಳು. ಬಟ್ಟೆ ಒಂದು ಉಗುರಿನಷ್ಟೂ ಕುಗ್ಗಿರಲಿಲ್ಲ. ಮತ್ತೆ ಹಾಡು, ಮತ್ತೆ ಅಳತೆ, ಹಾಗೇ. ನೇಯ್ದಾಗ ಎಷ್ಟು ಸಡಿಲವೋ ಅಷ್ಟೇ ಸಡಿಲ, ಬೆಳಕಿಗೆ ಹಿಡಿದರೆ ಆಚೆಯ ಮನೆ ಕಾಣುತ್ತಿತ್ತು. "ಯಾರೋ ಕಣ್ಣು ಹಾಕಿದಾರೆ" ಎಂದಳು ಒಬ್ಬಳು. "ನೂಲು ಬಿಗಿಯಾಯ್ತು, ಯಾರ ಮೇಲೋ ಕೋಪ ಇಟ್ಕೊಂಡು ನೂತಿದಾರೆ" ಎಂದು ಬೇಹಾಗ್ ನನ್ನ ಕಡೆ ನೋಡಿದಳು. ನಾನು ತೊಟ್ಟಿಯ ಹತ್ತಿರ ಹೋಗಿ ಮೂಸಿದೆ, ಮಾರ್ಸಲಿ. ಕಣ್ಣಲ್ಲಿ ನೀರೇ ಬರಲಿಲ್ಲ! ಚಳಿಗಾಲದಿಂದ ಮನೆಮನೆಯ ಉಚ್ಚೆ ಕೂಡಿಟ್ಟು ಹಳಸಿದ ತೊಟ್ಟಿ ಅದು, ಮುಚ್ಚಳ ತೆಗೆದರೆ ಬೆಕ್ಕು ಊರು ಬಿಡಬೇಕು, ಆ ಘಾಟಿಲ್ಲದೆ ಉಣ್ಣೆ ಕುಗ್ಗುವುದುಂಟೇ? ಇದೋ, ತಣ್ಣಗೆ ತಿಳಿಯಾಗಿ ನಿಂತಿತ್ತು.

"ಈನಾ" ಎಂದೆ. ಅವಳು ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡಳು. "ಅಜ್ಜಿ, ನರ್ಸಮ್ಮ ಶೋನಾಗ್ ಬೆರಳು ನೋಡೋಕೆ ಇಲ್ಲಿಗೇ ಬರ್ತಾರೆ ಅಂದ್ರಲ್ಲ, ನಾಚಿಕೆ ಆಯ್ತು. ಎಲ್ಲಾ ಚೆಲ್ಲಿ ತೊಳೆದುಬಿಟ್ಟೆ. ಆಮೇಲೆ ನಿಮ್ಮ ಭಯಕ್ಕೆ ಮತ್ತೆ ತುಂಬಿಸಿದೆ." "ಯಾವಾಗ ತುಂಬಿಸಿದೆ?" "ಮೊನ್ನೆ." "ಒಬ್ಬಳೇ?" "ನೀಲ್ ಕೂಡ ಸಹಾಯ ಮಾಡಿದ್ರು." ಹೆಂಗಸರು ನಕ್ಕ ನಗೆಗೆ ಕೊಟ್ಟಿಗೆಯ ಕೋಳಿಗಳೆಲ್ಲ ಹೊರಗೆ ಹಾರಿದವು. ನಾನೂ ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಪಾಪ, ಪೇಟೆಯ ಕಡೆಯ ಹುಡುಗಿ, ಗಿರಣಿಯಲ್ಲಿ ಮಾಡಿದ ಬಟ್ಟೆ ನೋಡಿ ಬೆಳೆದವಳು.

ನಗು ಮುಗಿದ ಮೇಲೆ ಕಷ್ಟ ಗೊತ್ತಾಯಿತು. ಒದ್ದೆ ಬಟ್ಟೆಯನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಬಿಟ್ಟರೆ ಒಡತಿಯ ಬಾಳೂ ಅರ್ಧಕ್ಕೆ ನಿಲ್ಲುತ್ತದೆ. ತೋಳಿನ ಬಲದಿಂದಲೇ ಬಿಗಿ ಮಾಡಬೇಕು. ಬಡಿದೆವು, ಬಡಿದೆವು. ಆದರೆ ಒಂದು ಬಟ್ಟೆಯ ಮೇಲೆ ಒಂದು ಹಾಡನ್ನು ಎರಡು ಸಲ ಹಾಡುವಂತಿಲ್ಲವಲ್ಲ. ಬೇಹಾಗ್‌ಗೆ ಗೊತ್ತಿದ್ದ ಹಾಡುಗಳು ಮುಗಿದವು. ನನ್ನವು ಮುಗಿದವು. ಎದುರು ಸಾಲಿನವರು ತಮ್ಮ ಅಜ್ಜಿಯರನ್ನೆಲ್ಲ ನೆನೆದು ನೆನೆದು ಮುರುಕು ಸಾಲುಗಳನ್ನು ತಂದರು, ಅವೂ ಮುಗಿದವು. ಎಲ್ಲರ ತೋಳೂ ನಿಂತವು. ನನಗೆ ನಿಜವಾಗಿ ಹೆದರಿಕೆಯಾಯಿತು. ನಿನ್ನ ಕಂಬಳಿ ಹಲಗೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿತ್ತು.

ಆಗ ಮೂಲೆಯಿಂದ ಶೋನಾಗ್, "ನಂಗೊಂದು ಗೊತ್ತು, ಆದ್ರೆ ನಮ್ಮ ಮಾತಲ್ಲ" ಎಂದಳು. "ದೇವರು ಕೊಟ್ಟ ಬಾಯಿ, ಯಾವ ಮಾತಾದ್ರೇನು, ಹಾಡೇ" ಎಂದಳು ಬೇಹಾಗ್. ಶೋನಾಗ್ ಬೆರಳು ಎತ್ತಿಕೊಂಡೇ ಹಾಡಿದಳು. ಹುಟ್ಟು ಹಾಕುವವರ ಹಾಡು. ಎಳೆಯುವಾಗ ಒಂದು ಭಾರ, ಬಿಡುವಾಗ ಒಂದು ಉಸಿರು. ಎರಡನೆಯ ಸುತ್ತಿಗೆ ನಮ್ಮ ತೋಳುಗಳು ತಾವಾಗಿಯೇ ಹೊರಟವು. ಮಾತು ಬಾರದ ಕಡೆ ಹೀ ರೀ ಹೋ ಎಂದು ತುಂಬಿಕೊಂಡೆವು. ನಡುನಡುವೆ ಅವಳು ಅರ್ಥ ಹೇಳಿದಳು: ಕಡಲಿನ ತಳದಲ್ಲಿ ಒಬ್ಬ ಮುದುಕಿ ಮಗ್ಗ ಹೂಡಿ ಕುಳಿತಿದ್ದಾಳಂತೆ, ಅಲೆಯೇ ಹಾಸು, ನೊರೆಯೇ ಹೊಕ್ಕು. ಅವಳು ಲಾಳಿ ಎಸೆದಾಗಲೆಲ್ಲ ಮೇಲೆ ಗಾಳಿ ಏಳುತ್ತದೆ. ಹುಟ್ಟು ಹಾಕುವವರು, "ಅಜ್ಜಿ, ಸ್ವಲ್ಪ ಸಡಿಲ ಬಿಡು, ದಡದಲ್ಲಿ ನಮ್ಮವರಿದ್ದಾರೆ" ಎಂದು ಬೇಡುತ್ತಾರೆ. ನನಗೆ ಹಿಡಿಸಿತು. ತಪ್ಪೂ ಕಂಡಿತು. ಅಂಚಿಲ್ಲದ ಬಟ್ಟೆಯನ್ನು ಯಾವ ನೇಯ್ಗೆಯವಳು ನೇಯುತ್ತಾಳೆ? ಕೇಳಿದೆ. "ಅದಕ್ಕೇ ಅವಳ ಬಟ್ಟೆ ಇನ್ನೂ ಮುಗಿದಿಲ್ಲ ಅಜ್ಜಿ" ಎಂದಳು ಆ ಚೂಟಿ.

ಆ ಹಾಡಿಗೆ ಎಷ್ಟು ಚರಣವೋ ಆ ದೇವರಿಗೇ ಗೊತ್ತು, ಮುಗಿಯಲೇ ಇಲ್ಲ. ಮೂಲೆಯ ಬಿಸಿಲು ಗೋಡೆ ಹತ್ತಿತು. ಕೊನೆಗೆ ಬೇಹಾಗ್ ಬೆರಳಿಟ್ಟು ಅಳೆದಳು. ಕುಗ್ಗಿತ್ತು. ಹಿಡಿದರೆ ಕೈ ತುಂಬಾ, ಬಿಗಿಯಾಗಿ, ಕರುವಿನ ಮೈಯಷ್ಟು ಬೆಚ್ಚಗೆ. ನಾನು ಬೆವರು ಒರೆಸಿಕೊಂಡು, "ಒಳ್ಳೆ ಹಾಡು ಕಣೇ, ಯಾರಿಂದ ಕಲಿತೆ?" ಎಂದೆ. ಶೋನಾಗ್ ಏನೂ ಯೋಚನೆ ಮಾಡದೆ, "ಅದು ಮಾರ್ಸಲಿಯ ಐವಿಂಡ್‌ದು" ಎಂದಳು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು, ಆ ದೊಡ್ಡ ಬೆರಳಿನ ಸಮೇತ.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ಯಾವ ಐವಿಂಡ್? ರಾನಾಟ್, ನಮ್ಮ ಹತ್ರ ಮುಚ್ಚಿಟ್ಯಾ? ಕರು ಹಾಕಿದ್ದನ್ನ ಮಾತ್ರ ಊರೆಲ್ಲ ಸಾರಿಕೊಂಡು ಬಂದೆ!" ಆಮೇಲೆ ಶೋನಾಗಳನ್ನು ಹಿಡಿದುಕೊಂಡರು. ಹಿಂಡಿ ಹಿಂಡಿ ಕೇಳಿದರು. ಕುಡಿಯುತ್ತಾನಾ? ಭಾನುವಾರ ಕುಡಿಯಲ್ಲ. ಹಲ್ಲು ಇದೆಯಾ? ಎಲ್ಲಾ ಇದೆ. ದೋಣಿ ಯಾರದು? ಅವನ ಚಿಕ್ಕಪ್ಪನದು. ಎಲ್ಲಾ ಕೇಳಿಸಿಕೊಂಡೆ, ಯಾವುದೂ ನನ್ನ ಒಳಗೆ ಇಳಿಯಲಿಲ್ಲ. ಇಳಿದದ್ದು ಒಂದೇ. ನೀನು ಲೆರ್ವಿಕ್ ಬಂದರಿನ ಕಟ್ಟೆಯ ಮೇಲೆ ಪೀಪಾಯಿ ಪಕ್ಕ ನಿಂತು ಮೀನು ಸೀಳುತ್ತ ನಮ್ಮ ಹಾಡು ಹೇಳುತ್ತಿದ್ದಾಗ, ಅವನು ಬಂದು ಪಲ್ಲವಿ ಹೇಳುತ್ತಿದ್ದನಂತೆ, ತಪ್ಪು ತಪ್ಪಾಗಿ. ನೀನು ಎಲ್ಲರೆದುರು ತಿದ್ದಿದೆಯಂತೆ, "ಹಾಗಲ್ಲ, ಮೊದ್ದು" ಎಂದು. ಅವನು ಮುಖ ಊದಿಸಿಕೊಳ್ಳಲಿಲ್ಲವಂತೆ. ಮಾರನೆಯ ದಿನ ಸರಿಯಾಗಿ ಹೇಳಿದನಂತೆ, ಮತ್ತು ನಿನ್ನ ಚರಣ ಮುಗಿಯುವವರೆಗೆ ಕಾದು ಹೇಳಿದನಂತೆ.

ಇದು ನಿಜವಾ, ಮಾರ್ಸಲಿ? ನಿನ್ನ ತಾತ ಒಳ್ಳೆಯವರು, ದೇವರ ಹತ್ತಿರ ಇದ್ದಾರೆ, ಆದರೆ ಒಂದೇ ಒಂದು ದಿನ ನನ್ನ ಚರಣ ಮುಗಿಯಲು ಬಿಟ್ಟವರಲ್ಲ. ಫಿನ್ಲೇ ನಾಲ್ಕು ಜನ ಇದ್ದ ಕಡೆ ಮುಂದಾಳಾಗಿ ಹಾಡಲು ಹೊರಟು, ಸ್ವರ ತಪ್ಪಿದರೆ ಕೇಳುವವರ ಕಿವಿಯನ್ನು ಬೈಯುತ್ತಾನೆ. ಹೆಂಡತಿಯ ಹಾಡಿಗೆ ಪಲ್ಲವಿ ಹೇಳುವ ಗಂಡಸನ್ನು ನಾನು ಈ ದ್ವೀಪದಲ್ಲಿ ಕಂಡಿಲ್ಲ. ಇನ್ನೊಂದು ಯೋಚನೆಯೂ ಬಂತು. ಆ ದಿನ ಅಷ್ಟು ಹಾಡು ಹಾಡಿದೆವಲ್ಲ, ಒಂದರಲ್ಲಾದರೂ ಹುಡುಗಿ ತಾನೇ ಇಷ್ಟಪಟ್ಟು ದೋಣಿ ಹತ್ತಿ ನಗುತ್ತ ಹೋದದ್ದಿಲ್ಲ. ಎಲ್ಲರೂ ದಡದಲ್ಲಿ ನಿಂತು ಅಳುವವರೇ. ಅಳಲು ಬರುವವರು ಹಾಡು ಕಟ್ಟಿದರೋ, ಅಥವಾ ನಮ್ಮಂಥ ಮುದುಕಿಯರು ಯಾರನ್ನೂ ಹತ್ತಲು ಬಿಡಲಿಲ್ಲವೋ, ನನಗೆ ತಿಳಿಯದು.

ಅಷ್ಟರಲ್ಲಿ ಬೇಹಾಗ್ ಕಂಬಳಿಯನ್ನು ಸುತ್ತಿ, ಅಂಗೈಯಿಂದ ತಟ್ಟಲು ತೊಡಗಿದಳು. ಚಪ್ಪಾಳೆ ಹಾಡು ಬಂತು. ಮೊದಲು ಶೋನಾಗಳ ಹೆಸರು ಹಿಡಿದಳು, ಅದಕ್ಕೆ, ನೋಡು ಆ ಮುದುಕಿಯ ಕಿತಾಪತಿ, ನಾನು ಹೇಳಿಕೊಟ್ಟಿದ್ದ ಫಿನ್ಲೇಯನ್ನೇ ಕಟ್ಟಿದಳು! ಶೋನಾಗ್ "ಅವನನ್ನ ಹಳೇ ಬಲೆಗೆ ತೇಪೆ ಹಾಕಿ" ಎಂದು ಎಸೆದಳು, ಆದರೆ ಕಿವಿ ಕೆಂಪಾಯಿತು, ನಾನು ಕುರುಡಿಯಲ್ಲ. ಆಮೇಲೆ ಬೇಹಾಗ್ ನನ್ನ ಕಡೆ ನೋಡಿ, ಕಣ್ಣು ಮಿಟುಕಿಸದೆ, ನಿನ್ನ ಹೆಸರು ಎತ್ತಿದಳು. ಎತ್ತಿ, ನಾಲಿಗೆಗೆ ಹತ್ತದ ಆ ಐವಿಂಡನ ಹೆಸರನ್ನೇ ಎಳೆದು ಬಗ್ಗಿಸಿ ತಾಳಕ್ಕೆ ಕೂರಿಸಿದಳು. ಹೆಂಗಸರ ಕೈ ತಟ್ಟುತ್ತಲೇ ಇತ್ತು. ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಉತ್ತರ ತಾಳ ತಪ್ಪದೆ ಬೀಳಬೇಕು. ನಾನು ಬೈಗುಳ ಹೂಡಲು ಎಂದೂ ಹಿಂದೆ ಬಿದ್ದವಳಲ್ಲ, ನಿನಗೆ ಗೊತ್ತು. ಬಾಯಲ್ಲಿ ಒಂದು ಸಿದ್ಧವಾಗಿಯೇ ಇತ್ತು, ಒಣಮೀನಿನ ಮೇಲೆ, ಬಲು ಚೆನ್ನಾಗಿತ್ತು.

ಏನು ಉತ್ತರ ಕೊಟ್ಟೆ ಎಂದು ಆಮೇಲೆ ಹೇಳುತ್ತೇನೆ. ಬೇಸಿಗೆಯೆಲ್ಲ ನನ್ನಿಂದ ಮುಚ್ಚಿಟ್ಟವಳು ನಾಲ್ಕು ಸಾಲು ಕಾದರೆ ಸಾಯುವುದಿಲ್ಲ.

ಕಂಬಳಿ ಗೋಡೆಯ ಮೇಲೆ ಒಣಗುತ್ತಿದೆ. ಬಣ್ಣ ಬಲು ಚೆಂದ ಕೂತಿದೆ, ಮೋಡದ ದಿನದ ಸಮುದ್ರದ ಹಾಗೆ. ಈನಾ ಹೊಸ ತೊಟ್ಟಿ ಇಟ್ಟು, ಯಾರು ಮುಟ್ಟಿದರೂ ಕೈ ಮುರಿಯುತ್ತೇನೆ ಎಂದು ಕಾವಲು ಕಾಯುತ್ತಿದ್ದಾಳೆ, ಒಳ್ಳೆಯ ಹೆಂಗಸಾಗುತ್ತಾಳೆ. ನೀಲ್ ನಿನ್ನನ್ನು ಕೇಳಿದ್ದಾನೆ ಎಂದು ಬರೆ ಎಂದ, ಕೇಳಿರಲಿಲ್ಲ, ನಾನೇ ಹೇಳಿಸಿದೆ. ಬೇಹಾಗ್ ಆಶೀರ್ವಾದ ಹೇಳಿದ್ದಾಳೆ, ಒಂದು ಪುಟ್ಟ ಡಬ್ಬಿ ನಶ್ಯ ತರಬೇಕಂತೆ. ಕಾಲು ಒದ್ದೆ ಇಟ್ಟುಕೊಳ್ಳಬೇಡ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಕಟ್ಟೆಗೆ ಹೋಗು. ಮೇರಿ ಮಾತೆ ನಿನ್ನ ಬೆರಳನ್ನು ಕತ್ತಿಯಿಂದಲೂ, ನಾಲಿಗೆಯನ್ನು ನನ್ನಂತೆ ಆಗುವುದರಿಂದಲೂ ಕಾಪಾಡಲಿ. ಗಾಳಿ ನಿನ್ನ ಬೆನ್ನಿಗಿರಲಿ, ನೀನಿರುವ ಕಡೆ ಒಲೆ ಉರಿಯುತ್ತಿರಲಿ.

ನಿನ್ನ ಅಜ್ಜಿ,
ರಾನಾಟ್

ಮರೆತೆ ಎಂದುಕೊಳ್ಳಬೇಡ: ಅಂಚೆಯವನು ಬಾಗಿಲಲ್ಲಿ ನಿಂತು ಕಾಲು ಬದಲಿಸುತ್ತಿದ್ದಾನೆ, ಹಡಗು ಕೂಗಿತಂತೆ. ನಾನು ಹಾಡಿದ್ದು ಇಷ್ಟು: "ಅವನೇ ಆಗಲಿ, ಅವನೇ ಆಗಲಿ, ದೋಣಿ ತರಲಿ, ಮೊದಲು ನನ್ನ ಬಾಗಿಲಿಗೆ ತರಲಿ." ದನಿ ಸ್ವಲ್ಪ ನಡುಗಿತು, ನಶ್ಯದ ಧೂಳು. ಹೆಂಗಸರೆಲ್ಲ ಮೂರು ಸಲ ಎತ್ತಿಕೊಂಡರು, ಬೇಹಾಗ್ ನಾಲ್ಕನೆಯ ಸಲ ಒಬ್ಬಳೇ, ನನ್ನನ್ನು ಅಳಿಸಲೆಂದೇ. ಇನ್ನು ಹಿಂತೆಗೆದುಕೊಳ್ಳಲು ನನ್ನಿಂದಲೂ ಆಗದು. ಪಾದ್ರಿಗಳ ಹತ್ತಿರ ನಾನೇ ಮಾತಾಡುತ್ತೇನೆ, ಅವರಿಗೆ ನನ್ನ ಭಯವಿದೆ. ನೀನು ಈ ಕಾಗದ ಕೈಗೆ ಬಂದ ಕೂಡಲೇ ಕತ್ತಿ ಕೆಳಗಿಟ್ಟು, ಕೈ ತೊಳೆಯದಿದ್ದರೂ ಚಿಂತೆಯಿಲ್ಲ, ಅವನ ದೋಣಿ ಹಗ್ಗ ಬಿಚ್ಚುವ ಮೊದಲು ಹೋಗಿ ಹೂಂ ಎನ್ನು. ಅಜ್ಜಿ ಹೂಂ ಎಂದಿದ್ದಾಳೆ. ಓದುತ್ತ ನಿಂತಿದ್ದೀಯಲ್ಲ, ಓಡೇ.